ತೊಡೆಯ ಮೇಲೆ ಕೈಯೂರಿ ನಡೆಯುವುದೇಕೆ?

ಹೆಜ್ಜೆಗೊಮ್ಮೆ ಮುಂದಕ್ಕೆ ಬಾಗಿ, ತೊಡೆಯನ್ನು ಕೈಯಿಂದ ಒತ್ತುತ್ತ ನಡೆಯುವವರನ್ನು ವಾಚಕರು ಪೇಟೆಬೀದಿಗಳಲ್ಲಿ ನೋಡಿಯೇ ಇರುತ್ತಾರೆ. ಇವರಲ್ಲಿ ಅನೇಕರು ಎಳವೆಯಲ್ಲಿ ಪೋಲಿಯೋಗೆ ತುತ್ತಾದವರು. ಕುಂಟುನಡಿಗೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಆ ಕೈ ಅಲ್ಲಿಯೇ ಇರುವುದಕ್ಕೆ ಖಚಿತವಾದ ಕಾರಣವುಂಟು. ಅದನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ನಿಯಮವೇ ಸಾಕು.

ಪೋಲಿಯೋ ವೈರಸ್ ಸೋಂಕಿದವರಲ್ಲಿ ಪಾರ್ಶ್ವವಾಯುವಿಗೆ ಒಳಗಾಗುವವರು ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಅಂಥವರ ಬೆನ್ನುಹುರಿಯ ಮುಂಭಾಗದಲ್ಲಿರುವ ಚಾಲಕ ನರಕೋಶಗಳು ನಾಶವಾಗುತ್ತವೆ. ಅಪ್ಪಣೆ ತಲಪದ ಸ್ನಾಯು ಸಡಿಲಗೊಂಡು ಕೃಶವಾಗುತ್ತದೆ. ಸ್ಪರ್ಶಜ್ಞಾನ ಮಾತ್ರ ಕೆಡುವುದಿಲ್ಲ. ಕಾಲು ಎಲ್ಲಿದೆ, ನೆಲ ಹೇಗಿದೆ ಎಂಬುದು ಸರಿಯಾಗಿ ತಿಳಿಯುವುದರಿಂದಲೇ, ಉಳಿದ ಸ್ನಾಯುಗಳನ್ನು ಬಳಸಿ ಮಗು ತನ್ನದೇ ಆದ ನಡಿಗೆಯೊಂದನ್ನು ಕಂಡುಕೊಳ್ಳುತ್ತದೆ.

ಮೊದಲು ಮಂಡಿಯನ್ನು ನೋಡೋಣ. ತೊಡೆ ಮತ್ತು ಕಣಕಾಲನ್ನು ತಿರುಗಣಿಯಿಂದ ಕೂಡಿಸಿದ ಎರಡು ಕೋಲುಗಳೆಂದು ಭಾವಿಸಬಹುದು. ನೆಲವು ಪಾದದ ಮೇಲೆ ಪ್ರಯೋಗಿಸುವ ಪ್ರತಿಕ್ರಿಯಾ ಬಲದ ಗೆರೆ ಮಂಡಿಯ ಹಿಂದೆ ಹಾದುಹೋದರೆ, ದೇಹದ ತೂಕವೇ ಮಂಡಿಯನ್ನು ಮಡಿಸುತ್ತದೆ. ಇದನ್ನು ತಡೆಯುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಅದು ಇಲ್ಲವಾದಾಗ ಮನುಷ್ಯ ಕುಸಿದು ಬೀಳಬೇಕು. ಗೆರೆ ಮಂಡಿಯ ಮುಂದೆ ಹಾದುಹೋದರೋ, ಅದೇ ತೂಕವು ಮಂಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಿಂಭಾಗದ ಬಂಧನಗಳು ಅದನ್ನು ಹಿಡಿದಿಡುತ್ತವೆ, ಸ್ನಾಯುವಿನ ಕೆಲಸವೇ ಇಲ್ಲ. ಮುಂದಕ್ಕೆ ಬಾಗುವುದರಿಂದ ಗುರುತ್ವ ಕೇಂದ್ರ ಮುಂದೆ ಸರಿಯುತ್ತದೆ. ಕೈ ತಿರುಗಣಿಯನ್ನು ಮುಂದಿನಿಂದ ಹಿಂದಕ್ಕೆ ತಳ್ಳುತ್ತದೆ. ಎರಡೂ ಕೂಡಿ ಗೆರೆಯನ್ನು ಮಂಡಿಯ ಮುಂದೆ ಇರಿಸುತ್ತವೆ. ಯಾರೂ ಹೇಳಿಕೊಡದೆ ಮಗುವೊಂದು ಈ ಲೆಕ್ಕವನ್ನು ಬಿಡಿಸಿತೆಂಬುದು ನಮಗೆ ಇಂದಿಗೂ ಸೋಜಿಗ.

ಈ ವಿಷಯವನ್ನು ಅರಿಯದೆ ಮಾಡಿದ ಉಪಕಾರ ಅಪಕಾರವಾಗುವುದುಂಟು. ಕೆಲವರಲ್ಲಿ ಮೀನಖಂಡದ ಸ್ನಾಯು ಬಿಗಿದು, ಹಿಮ್ಮಡಿ ಮೇಲೆದ್ದು, ಪಾದದ ತುದಿ ಕೆಳಮುಖವಾಗಿರುತ್ತದೆ. ಇದು ಊನವೆಂದು ಶಸ್ತ್ರಕ್ರಿಯೆಯಿಂದ ಪೂರ್ತಿ ಸರಿಪಡಿಸಿದರೆ, ಅಲ್ಲಿಯವರೆಗೆ ನಡೆಯುತ್ತಿದ್ದವರು ನಡೆಯಲಾರದೆ ಹೋಗಬಹುದು. ಏಕೆಂದರೆ ತುದಿ ಊರಿದ ಪಾದವು ಕಣಕಾಲನ್ನು ಹಿಂದಕ್ಕೆ ತಳ್ಳಿ ಮಂಡಿಗೆ ಬೀಗ ಹಾಕುತ್ತಿತ್ತು. ತೊಡೆಯ ಸ್ನಾಯು ಸೋತಿರುವಲ್ಲಿ ಅನುಭವಿ ಶಸ್ತ್ರವೈದ್ಯರು ಈ ಬಿಗಿತವನ್ನು ಸ್ವಲ್ಪ ಉಳಿಸುತ್ತಾರೆ.

ಸೊಂಟದ ಲೆಕ್ಕ ಇನ್ನೂ ಸ್ವಾರಸ್ಯಕರ. 60 ಕಿಲೋಗ್ರಾಂ ತೂಕದ ಒಬ್ಬರು ಬಲಗಾಲಿನ ಮೇಲೆ ನಿಂತಿದ್ದಾರೆನ್ನಿ. ಆ ಕಾಲನ್ನು ಬಿಟ್ಟು ಉಳಿದ ತೂಕ ಸುಮಾರು 50 ಕಿಲೋಗ್ರಾಂ. ಅದರ ಗೆರೆ ಸೊಂಟದ ಕೀಲಿನಿಂದ ಎಡಕ್ಕೆ ಸುಮಾರು 10 ಸೆಂಟಿಮೀಟರ್ ದೂರದಲ್ಲಿದೆ. ಕೀಲಿನ ಹೊರಮಗ್ಗುಲಿನ ಸ್ನಾಯುವಿಗೆ ದೊರಕುವ ತೋಳು ಸುಮಾರು 5 ಸೆಂಟಿಮೀಟರ್ ಮಾತ್ರ. ತಕ್ಕಡಿ ಸಮನಾಗಲು ಸ್ನಾಯು 100 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ಕೀಲಿನ ಮೇಲಿನ ಭಾರ 150! ಪ್ರತಿ ಹೆಜ್ಜೆಗೂ ನಾವೆಲ್ಲರೂ ಇದನ್ನು ಹೊರುತ್ತೇವೆ, ಅರಿವಿಲ್ಲದೆ.

ಈ ಸ್ನಾಯು ಸೋತವರು ಬಲಗಾಲು ಊರಿದಾಗ ಮುಂಡವನ್ನು ಬಲಕ್ಕೇ ವಾಲಿಸುತ್ತಾರೆ. 10 ಸೆಂಟಿಮೀಟರ್ ದೂರ 2ಕ್ಕೆ ಇಳಿದರೆ ಬೇಕಾದ ಎಳೆತ 20 ಕಿಲೋಗ್ರಾಂ. ಗೆರೆ ಕೀಲಿನ ಮೇಲೆಯೇ ಬಿದ್ದರೆ ಸೊನ್ನೆ. ಆ ತೂಗಾಟದ ಅರ್ಥ ಇಷ್ಟೇ. ಊರುಗೋಲು ಹಿಡಿಯುವುದಾದರೆ ಎಡಗೈಯಲ್ಲಿ ಹಿಡಿಯಬೇಕು. ಬಲಗಾಲು ಸೋತಿದ್ದರೆ ಬಲಗೈಗೆ ಕೋಲು ಎಂಬುದು ಸಾಮಾನ್ಯ ಭ್ರಮೆ. ಕೀಲಿನಿಂದ 40 ಸೆಂಟಿಮೀಟರ್ ಎಡಕ್ಕೆ 10 ಕಿಲೋಗ್ರಾಂ ಒತ್ತಿದರೂ ಸ್ನಾಯುವಿನ ಪಾಲಿಗೆ ಉಳಿಯುವುದು ಕೇವಲ 20. ವಾಚಕರು ಇದನ್ನು ತಾವೇ ಗುಣಿಸಿ ನೋಡಬಹುದು.

ಆದರೆ ಇಂಥ ಉಪಾಯಗಳಿಗೆ ಬೆಲೆ ತೆರಲೇಬೇಕು. ಸಹಜ ನಡಿಗೆಯಲ್ಲಿ ದೇಹವು ತಲೆಕೆಳಗಾದ ಲೋಲಕದಂತೆ ಏರಿಳಿಯುತ್ತದೆ. ಪ್ರಚ್ಛನ್ನಶಕ್ತಿ, ಚಲನಶಕ್ತಿಗಳು ಒಂದರೊಡನೊಂದು ವಿನಿಮಯಗೊಂಡು ಅರ್ಧಕ್ಕಿಂತಲೂ ಹೆಚ್ಚು ಶ್ರಮ ಉಳಿಯುತ್ತದೆ. ಮುಂಡವನ್ನು ವಾಲಿಸುತ್ತ ನಡೆಯುವವರಿಗೆ ಈ ಉಳಿತಾಯ ಕಡಮೆ. ಅಷ್ಟೇ ದೂರಕ್ಕೆ ಹೆಚ್ಚು ಆಮ್ಲಜನಕ ಬೇಕು. ವರ್ಷಗಟ್ಟಲೆ ಎಳೆದ ಬಂಧನಗಳು ಸಡಿಲಗೊಂಡು ಮಂಡಿ ಹಿಂದಕ್ಕೆ ಬಾಗುತ್ತದೆ.

ಭಾರತದಲ್ಲಿ ಕಾಡು ವೈರಸ್ಸಿನ ಕೊನೆಯ ಪ್ರಕರಣ ಕಂಡುದು 2011ರ ಜನವರಿಯಲ್ಲಿ, ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಾವು ಪೋಲಿಯೋಮುಕ್ತರೆಂಬ ಪ್ರಮಾಣಪತ್ರ ದೊರೆಯಿತು. ಅದಕ್ಕೆ ಮುನ್ನ ರೋಗ ತಗಲಿದವರಾದರೋ ಇನ್ನೂ ನಡೆಯುತ್ತಲೇ ಇದ್ದಾರೆ. ಅವರಲ್ಲಿ ಕೆಲವರಿಗೆ ಹಲವು ದಶಕಗಳ ಅನಂತರ ಹೊಸ ನಿಶ್ಶಕ್ತಿ ತಲೆದೋರುತ್ತದೆ. ರೋಗದಿಂದ ಪಾರಾದ ನರಕೋಶಗಳು ಹೊಸ ಕವಲುಗಳನ್ನು ಚಾಚಿ, ಅನಾಥವಾದ ಸ್ನಾಯುತಂತುಗಳನ್ನೂ ಸಾಕಿಕೊಂಡಿದ್ದವು; ದೀರ್ಘಕಾಲ ಮಿತಿಮೀರಿ ದುಡಿದ ಆ ಕವಲುಗಳು ಕ್ರಮೇಣ ಉದುರುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ದಣಿವಾಗುವಷ್ಟು ವ್ಯಾಯಾಮ ಮಾಡಿ ಬಲ ಬೆಳೆಸಿಕೊಳ್ಳಿರೆಂಬ ಉಪದೇಶ ಇವರಿಗೆ ಹಾನಿಕರ.

ಹುಡುಗತನದಲ್ಲಿ ಬೇಸತ್ತು ಎಸೆದ ಕ್ಯಾಲಿಪರನ್ನು ಮತ್ತೆ ಧರಿಸಬೇಕೆಂದು ವೈದ್ಯರು ಹೇಳುವಾಗ ಮನಸ್ಸು ಒಪ್ಪುವುದು ಕಷ್ಟ. ಬೀಗ ಹಾಕಿದ ಮಂಡಿಯಿಂದ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಸಾಹಸ. ಬೀಗವಿಲ್ಲದ ಒಂದು ಬಗೆಯ ಕ್ಯಾಲಿಪರೂ ಉಂಟು. ಅದರ ತಿರುಗಣಿಯನ್ನು ಮಂಡಿಯ ನಡುಗೆರೆಗಿಂತ ತುಸು ಹಿಂದೆ ಕೂಡಿಸಿರುತ್ತಾರೆ. ಕಾಲೂರಿದಾಗ ತೂಕದ ಗೆರೆ ತಿರುಗಣಿಯ ಮುಂದೆ ಬಿದ್ದು ಕಾಲು ನೆಟ್ಟಗಾಗುತ್ತದೆ. ಕಾಲೆತ್ತಿದಾಗ ಸರಾಗವಾಗಿ ಮಡಿಯುತ್ತದೆ, ಕೈ ತೊಡೆಯನ್ನು ಬಿಟ್ಟು ಚೀಲ ಹಿಡಿಯಬಹುದು.