ಅಂಗಳಕ್ಕೆ ಚೈನ್ ಗಾಡಿ ಬಂದಾಗ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ನಮ್ಮ ಈ ಮೂರೂ ತಾಲ್ಲೂಕುಗಳು ಗುಡ್ಡದ ಸೀಮೆ. ಸಮ ಜಾಗ ಕಡಿಮೆ. ಮನೆ ಕಟ್ಟಲು ಗುಡ್ಡ ಕಡಿಯಬೇಕು. ಅಡಿಕೆ ಒಣಗಿಸುವ ಅಂಗಳಕ್ಕೂ ಗುಡ್ಡ ಕಡಿಯಬೇಕು. ಹಿಂದೆ ಈ ಕೆಲಸವನ್ನು ಹಾರೆ, ಪಿಕಾಸಿ, ಬುಟ್ಟಿಯಲ್ಲೇ ಮಾಡುತ್ತಿದ್ದೆವು. ಈಗ ಗಾಡಿ ಬರುತ್ತದೆ.

ಗಾಡಿ ಬಂದರೆ ನಾವು ಏನು ಮಾಡುತ್ತೇವೆ? "ಅದು ಗಂಡಸರ ವಿಷಯ" ಅಂತ ಒಳಗೆ ಹೋಗುತ್ತೇವೆ. ಆದರೆ ಬಾಡಿಗೆಗೆ ಹೋಗುವುದು ನಮ್ಮ ಮನೆಯ ದುಡ್ಡು. ಕಲ್ಲು ಹೆಕ್ಕಲು ಗಾಡಿಯ ಹತ್ತಿರ ಹೋಗುವವರು ನಾವು. ಅಲ್ಲೇ ಓಡಾಡುವುದು ನಮ್ಮ ಮಕ್ಕಳು. ಹಾಗಾದರೆ ಗಾಡಿಯ ವಿಷಯ ನಮಗೂ ಗೊತ್ತಿರಬೇಕು ಅಲ್ವಾ?

ಇದು ಎಂಥ ಗಾಡಿ?

ಇವತ್ತು ಹೆಚ್ಚಾಗಿ ಕಾಣುವುದು ಟಯರಿನ ಜೆಸಿಬಿ ಮತ್ತು ಚೈನಿನ ಹಿಟಾಚಿ. ಚೈನ್ ಲೋಡರ್ ಇವೆರಡಕ್ಕಿಂತ ಬೇರೆ. ಇದು ಹಳೆಯ ಕಾಲದ ಗಾಡಿ. ಇದಕ್ಕೆ ಟಯರಿನ ಬದಲು ಎರಡು ಕಬ್ಬಿಣದ ಚೈನು. ಮುಂದೆ ದೊಡ್ಡ ಬಕೆಟ್. ಬುಲ್ಡೋಜರ್ ಮಣ್ಣನ್ನು ನೂಕುತ್ತದೆ. ಲೋಡರ್ ಮಣ್ಣನ್ನು ಬಾಚಿ, ಎತ್ತಿ, ಲಾರಿಗೆ ಸುರಿಯುತ್ತದೆ.

ಚೈನು ಯಾಕೆ? ಕೆಸರಿನ ಗದ್ದೆಯಲ್ಲಿ ಕಾಲು ಹೂಳುತ್ತದೆ. ಅಡಿಕೆ ದಬ್ಬೆ ಹಾಸಿ ನಡೆದರೆ ಹೂಳುವುದಿಲ್ಲ. ಭಾರ ಹಂಚಿ ಹೋಗುತ್ತದೆ. ಚೈನ್ ಗಾಡಿ ತನ್ನ ದಬ್ಬೆಯನ್ನು ತಾನೇ ಹಾಸಿಕೊಂಡು ಹೋಗುತ್ತದೆ. ಅಮೆರಿಕದ ಬೆಂಜಮಿನ್ ಹೋಲ್ಟ್ ಎಂಬುವರು 1904ರಲ್ಲಿ ಮೆತ್ತನೆಯ ಹೊಲದಲ್ಲಿ ಇಂಥ ಗಾಡಿ ಓಡಿಸಿ ನೋಡಿದರು. ಅದರ ನಡಿಗೆ ಕಂಡು ಅದಕ್ಕೆ 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ಬಂತು. ಹಾಗೆಂದರೆ ಕಂಬಳಿಹುಳ. ನಮ್ಮ ರಾಜ್ಯದ ಬಿ.ಇ.ಎಂ.ಎಲ್. ಕಂಪನಿ 1964ರಲ್ಲಿ ಶುರುವಾಯಿತು. ಅದರ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಚೈನಿನ ಬುಲ್ಡೋಜರ್ ತಯಾರಾಗುತ್ತದೆ.

ಶುರು ಮಾಡುವ ಮೊದಲು

ಹಳೆಯ ಗಾಡಿಗೆ ಕೀಲಿ ತಿರುಗಿಸಿದರೆ ಸಾಲದು. ಒಳ್ಳೆಯ ಡ್ರೈವರ್ ಬೆಳಿಗ್ಗೆ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ. ಅಡಿಯಲ್ಲಿ ಮಗುವೋ ನಾಯಿಯೋ ಇದೆಯೇ ನೋಡುತ್ತಾನೆ. ನೆಲದ ಮೇಲೆ ಎಣ್ಣೆ ಸೋರಿದೆಯೇ ನೋಡುತ್ತಾನೆ. ಕಡ್ಡಿ ತೆಗೆದು ಎಂಜಿನ್ ಆಯಿಲ್ ಅಳೆಯುತ್ತಾನೆ. ರೇಡಿಯೇಟರಿನ ನೀರು ನೋಡುತ್ತಾನೆ. ಎಂಜಿನ್ ಬಿಸಿ ಇದ್ದಾಗ ಅದರ ಮುಚ್ಚಳ ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಸಣ್ಣ ನಲ್ಲಿ ಇರುತ್ತದೆ. ಅದನ್ನು ತಿರುಗಿಸಿ ತಳದ ನೀರು ಬಿಡಬೇಕು. ಡೀಸೆಲಿಗೆ ನೀರು ಎಲ್ಲಿಂದ ಬಂತು? ಪಾತ್ರೆಯ ಮುಚ್ಚಳದ ಒಳಗೆ ನೀರು ಕೂರುವುದಿಲ್ಲವೇ, ಹಾಗೆ. ರಾತ್ರಿ ತಣ್ಣಗಾದಾಗ ಖಾಲಿ ಟ್ಯಾಂಕಿನ ಒಳಗೂ ನೀರು ಕೂರುತ್ತದೆ. ಅದಕ್ಕೇ ಸಂಜೆಯೇ ಟ್ಯಾಂಕ್ ತುಂಬಿಸಿ ಇಡುವುದು ಒಳ್ಳೆಯದು.

ಚೈನನ್ನೂ ನೋಡಬೇಕು. ಬಹಳ ಬಿಗಿ ಇದ್ದರೆ ಸವೆಯುತ್ತದೆ. ಬಹಳ ಸಡಿಲ ಇದ್ದರೆ ಕಳಚಿಕೊಳ್ಳುತ್ತದೆ.

ಗಾಡಿ ಶುರು ಮಾಡುವುದು

ಬಕೆಟ್ ನೆಲದ ಮೇಲಿರಬೇಕು. ಬ್ರೇಕ್ ಹಾಕಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಆಮೇಲೆ ಸೆಲ್ಫ್ ಹೊಡೆಯಬೇಕು. ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊಡೆಯಬಾರದು. ಶುರುವಾಗದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯಬೇಕು. ಸುಮ್ಮನೆ ಹೊಡೆಯುತ್ತಾ ಇದ್ದರೆ ಸೆಲ್ಫ್ ಸುಡುತ್ತದೆ, ಬ್ಯಾಟರಿ ಇಳಿಯುತ್ತದೆ.

ಬಹಳ ಹಳೆಯ ಕೆಲವು ಕ್ಯಾಟರ್‌ಪಿಲ್ಲರ್ ಗಾಡಿಗಳಲ್ಲಿ ಎರಡು ಎಂಜಿನ್ ಇದ್ದವು. ಮೊದಲು ಪೆಟ್ರೋಲಿನ ಸಣ್ಣ ಎಂಜಿನ್ ಶುರು ಮಾಡಬೇಕು. ಅದು ಡೀಸೆಲಿನ ದೊಡ್ಡ ಎಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತದೆ.

ಎಂಜಿನ್ ಶುರುವಾದ ಕೂಡಲೇ ಆಯಿಲ್ ಪ್ರೆಶರ್ ಮುಳ್ಳು ಏರಬೇಕು. ಏರದಿದ್ದರೆ ತಕ್ಷಣ ಬಂದ್ ಮಾಡಬೇಕು. ಏರಿದರೆ ಐದು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಎಣ್ಣೆ ಬಿಸಿಯಾಗಿ ಎಲ್ಲ ಕಡೆಗೂ ಹೋಗಬೇಕು. "ಯಾಕೆ ಸುಮ್ಮನೆ ನಿಲ್ಲಿಸಿದ್ದೀರಿ?" ಅಂತ ನಾವು ಆಗ ಅವಸರ ಮಾಡಬಾರದು.

ಹೊಗೆ ನೋಡಿದರೂ ಗಾಡಿಯ ಆರೋಗ್ಯ ತಿಳಿಯುತ್ತದೆ. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲದು, ಇಲ್ಲವೇ ಭಾರ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಚಳಿಯ ಬೆಳಿಗ್ಗೆ ಬಿಳಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ಬಂದರೆ ರಿಪೇರಿ ಬೇಕು.

ತಿರುಗುವುದು, ಹತ್ತುವುದು, ಇಳಿಯುವುದು

ಈ ಗಾಡಿಗೆ ಕಾರಿನ ಹಾಗೆ ಸ್ಟಿಯರಿಂಗ್ ಚಕ್ರ ಇಲ್ಲ. ಹಳೆಯ ಗಾಡಿಯಲ್ಲಿ ಎರಡು ಲಿವರ್, ಎರಡು ಬ್ರೇಕ್. ಬಲ ಲಿವರ್ ಎಳೆದರೆ ಬಲ ಚೈನಿಗೆ ಎಂಜಿನ್ನಿನ ಶಕ್ತಿ ನಿಲ್ಲುತ್ತದೆ. ಬಲ ಬ್ರೇಕ್ ತುಳಿದರೆ ಆ ಚೈನು ನಿಲ್ಲುತ್ತದೆ. ಎಡ ಚೈನು ಓಡುತ್ತಿರುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ.

ಇಳಿಜಾರಿನಲ್ಲಿ ಒಂದು ಅಪಾಯ ಇದೆ. ಬ್ರೇಕ್ ತುಳಿಯದೆ ಬರೀ ಲಿವರ್ ಎಳೆದರೆ ಆ ಕಡೆಯ ಚೈನು ಭಾರಕ್ಕೆ ಜೋರಾಗಿ ಉರುಳುತ್ತದೆ. ಆಗ ಗಾಡಿ ಉಲ್ಟಾ ತಿರುಗುತ್ತದೆ! ಕಲಿಯದವರ ಕೈಗೆ ಈ ಗಾಡಿ ಕೊಡಬಾರದು.

ಗುಡ್ಡದಲ್ಲಿ ನೇರ ಹತ್ತಬೇಕು, ನೇರ ಇಳಿಯಬೇಕು. ಅಡ್ಡ ಹೋದರೆ ಮಗುಚಬಹುದು. ಬಕೆಟ್ ತುಂಬಿದ್ದರೆ ಅದು ಮೇಲಿನ ಕಡೆಗೆ ಇರಬೇಕು. ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ಬಕೆಟ್ ನೆಲದ ಹತ್ತಿರವೇ ಇರಬೇಕು.

ನಾವು ಎಲ್ಲಿ ನಿಲ್ಲಬೇಕು?

ಬಕೆಟ್ ಎತ್ತಿದಾಗ ಡ್ರೈವರಿಗೆ ಮುಂದಿನ ನೆಲ ಕಾಣುವುದಿಲ್ಲ. ಹಿಂದೆಯೂ ಪೂರ್ತಿ ಕಾಣುವುದಿಲ್ಲ. ಎಂಜಿನ್ ಸದ್ದಿಗೆ ನಮ್ಮ ಕೂಗು ಕೇಳುವುದಿಲ್ಲ. ಆದ್ದರಿಂದ ಡ್ರೈವರಿನ ಕಣ್ಣು ನಮ್ಮ ಕಣ್ಣಿಗೆ ಸಿಗುವ ಕಡೆ, ದೂರ ನಿಲ್ಲಬೇಕು. ಎತ್ತಿದ ಬಕೆಟ್ಟಿನ ಅಡಿಗೆ ಯಾರೂ ಹೋಗಬಾರದು. ಒಂದು ಪೈಪ್ ಒಡೆದರೆ ಸಾಕು, ಬಕೆಟ್ ಬೀಳುತ್ತದೆ. ಗಾಡಿ ನಿಂತು, ಬಕೆಟ್ ನೆಲಕ್ಕೆ ಇಳಿದ ಮೇಲೆಯೇ ಕಲ್ಲು ಹೆಕ್ಕಬೇಕು. ಸೀರೆಯ ಸೆರಗು, ವೇಲು ಬಿಗಿಯಾಗಿ ಕಟ್ಟಿರಬೇಕು. ಮಕ್ಕಳನ್ನು ಯಾರ ಮಾತಿಗೂ ಗಾಡಿಗೆ ಹತ್ತಿಸಬಾರದು.

ಧರೆಯ ಕಡೆಗೂ ಕಣ್ಣಿರಲಿ. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಮಳೆಗೆ ಜರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು ಜನ ಸತ್ತರು. ಮಳೆಗಾಲ ಹತ್ತಿರ ಇರುವಾಗ ಧರೆ ಕಡಿಸಬಾರದು. ಕಡಿಸಿದರೆ ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಸಬೇಕು. ಮೇಲಿನ ನೀರು ಬೇರೆ ಕಡೆ ಹೋಗಲು ಚರಂಡಿ ತೆಗೆಸಬೇಕು.

ಮೀಟರ್ ಓದೋಣ

ಗಾಡಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಎಂಜಿನ್ ಎಷ್ಟು ಗಂಟೆ ಓಡಿತು ಎಂದು ಒಂದು ಮೀಟರ್ ತೋರಿಸುತ್ತದೆ. ಸಾಮಾನ್ಯವಾಗಿ ಅದರ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ. ಅಂದರೆ 6 ನಿಮಿಷ.

ಕೆಲಸ ಶುರುವಾಗುವಾಗ ಮೀಟರ್ 2345.2 ಇತ್ತು. ಮುಗಿದಾಗ 2348.7 ಆಯಿತು. ಕಳೆದರೆ 3.5. ಅಂದರೆ 3 ಗಂಟೆ 30 ನಿಮಿಷ. ಅಷ್ಟಕ್ಕೆ ಮಾತ್ರ ದುಡ್ಡು. ಮೀಟರ್ ಕೆಟ್ಟಿದ್ದರೆ ಗಡಿಯಾರ ನೋಡಿ ಬರೆದಿಡಿ. ಡ್ರೈವರ್ ಊಟಕ್ಕೆ ಕೂತ ಹೊತ್ತನ್ನೂ ಬರೆದಿಡಿ. ಗಂಟೆಗೆ ಎಷ್ಟು, ಗಾಡಿ ತಂದ ಬಾಡಿಗೆ ಯಾರದು ಎಂದು ಮೊದಲೇ ಮಾತಾಡಿ.

ಮಾಡಿ ನೋಡಿ

ಬೆಳಿಗ್ಗೆ ಮೀಟರ್ 1210.4. ಸಂಜೆ 1214.9. ಗಾಡಿ ಎಷ್ಟು ಹೊತ್ತು ಓಡಿತು? ನಿಮ್ಮ ಪುಸ್ತಕದಲ್ಲಿ ಲೆಕ್ಕ ಮಾಡಿ. ಪಕ್ಕದ ಮನೆಯ ಅಕ್ಕನಿಗೂ ಹೇಳಿಕೊಡಿ.