ನೊರೆ ಎತ್ತುವ ಯಂತ್ರ: ಮನೆಯ ರೀಫ್ ಟ್ಯಾಂಕಿಗೆ ಪ್ರೋಟೀನ್ ಸ್ಕಿಮ್ಮರ್ ಆರಿಸೋದು ಹೇಗೆ?

ಬೆಳ್ಳಂದೂರು ಕೆರೆಯ ನೊರೆ ನೆನಪಿದೆಯಲ್ಲ? 2015ರ ಹೊತ್ತಿಗೆ ನಾವಿನ್ನೂ ಸ್ಕೂಲಲ್ಲಿದ್ವಿ. ಬಿಳಿ ನೊರೆ ಕೋಡಿ ದಾಟಿ ರಸ್ತೆಗೆ ಹಾರಿ ಬರೋದನ್ನ ಟಿವಿಯಲ್ಲಿ ನೋಡಿ ಬೆರಗಾಗಿದ್ವಿ. ನೀರಿನಲ್ಲಿ ಸೋಪಿನಂಥ ಅಣುಗಳು ತುಂಬಿರಬೇಕು, ಆ ನೀರು ಎತ್ತರದಿಂದ ಬಿದ್ದು ಗಾಳಿಯ ಜೊತೆ ಕಲಸಬೇಕು. ಇಷ್ಟಾದರೆ ನೊರೆ ತಯಾರು, ನೀರಿನಲ್ಲಿದ್ದ ಕೊಳೆಯ ಒಂದು ಪಾಲು ನೊರೆಯ ಜೊತೆ ಮೇಲೆ ಬರುತ್ತೆ. ಊರಿಗೆ ಶಾಪವಾದ ಇದೇ ಕ್ರಿಯೆಯನ್ನು ಒಂದು ಅಕ್ರಿಲಿಕ್ ಕೊಳವೆಯೊಳಗೆ ಬೇಕಂತಲೇ ಮಾಡಿಸಿ, ಬಂದ ನೊರೆಯನ್ನು ಬಟ್ಟಲಲ್ಲಿ ಹಿಡಿದು ಹೊರಗೆ ಚೆಲ್ಲುವ ಯಂತ್ರಕ್ಕೆ ಪ್ರೋಟೀನ್ ಸ್ಕಿಮ್ಮರ್ ಅಂತ ಹೆಸರು.

ನಮ್ಮ ಬಳಗದಲ್ಲಿ ಮೂರು ಜನ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೀವಿ. ಟ್ಯಾಂಕ್ ನೋಡಿದ ಕ್ಲಾಸ್‌ಮೇಟ್ಸ್ ಮೊದಲು ಕ್ಲೌನ್ ಮೀನು ನೋಡ್ತಾರೆ, ಆಮೇಲೆ ಕ್ಯಾಬಿನೆಟ್ ಬಾಗಿಲು ತೆಗೆದು 'ಇದೇನಪ್ಪಾ ಮಿಕ್ಸಿ ಥರ ಗುಯ್ಗುಡ್ತಿದೆ' ಅಂತ ಕೇಳ್ತಾರೆ. ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಕೊಟ್ರಿ? ಈ ಹವ್ಯಾಸದಲ್ಲಿ ಲೈಟ್ ಬಿಟ್ಟರೆ ಜೇಬಿಗೆ ದೊಡ್ಡ ಕತ್ತರಿ ಹಾಕೋದು ಇದೇ. ಹಾಗಾಗಿ ದುಡ್ಡು ಕೊಡೋ ಮುಂಚೆ ಏನು ನೋಡಬೇಕು ಅಂತ ಬರೆಯೋಣ ಅನ್ನಿಸಿತು.

ಮೊದಲು ಕೆಲಸ ಅರ್ಥ ಆಗಲಿ. ಮೀನಿನ ಮಲ, ತಿನ್ನದೆ ಉಳಿದ ಆಹಾರ, ಹವಳಗಳು ಬಿಡುವ ಲೋಳೆ ಇವೆಲ್ಲ ಕರಗಿ ಪ್ರೋಟೀನು, ಕೊಬ್ಬಿನಾಮ್ಲ ಮುಂತಾದ ಅಣುಗಳಾಗ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ನೀರನ್ನು ಇಷ್ಟಪಡುವ ಒಂದು ತುದಿ, ನೀರಿಂದ ದೂರ ಓಡುವ ಇನ್ನೊಂದು ತುದಿ ಇರುತ್ತೆ. ಗಾಳಿಗುಳ್ಳೆ ಸಿಕ್ಕಿದ ಕೂಡಲೇ ಓಡುವ ತುದಿ ಗುಳ್ಳೆಯ ಕಡೆ ತಿರುಗಿ, ಅಣು ಅಲ್ಲೇ ಅಂಟಿಕೊಳ್ಳುತ್ತೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ತಾಮ್ರದ ಅದಿರಿಗೆ ಫ್ರಾತ್ ಫ್ಲೋಟೇಶನ್ ಓದಿದ್ದೀವಲ್ಲ, ಅದರ ಸೋದರಸಂಬಂಧಿ ಇದು. ಅಲ್ಲಿ ನೊರೆ ನಿಲ್ಲಲು ಪೈನ್ ಎಣ್ಣೆ ಹಾಕಬೇಕು, ಇಲ್ಲಿ ಕೊಳೆಯೇ ನೊರೆಯನ್ನು ನಿಲ್ಲಿಸುತ್ತೆ. ಅಮೋನಿಯ, ನೈಟ್ರೇಟ್ ಆಗಿ ಕೊಳೆಯುವ ಮುಂಚೆಯೇ ಕಸವನ್ನು ಎತ್ತಿ ಹಾಕೋದು ಇದರ ದೊಡ್ಡ ಗುಣ. ಆಗಲೇ ನೈಟ್ರೇಟ್ ಆಗಿಹೋದದ್ದನ್ನು ಸ್ಕಿಮ್ಮರ್ ಮುಟ್ಟೋದಿಲ್ಲ, ಯಾಕಂದ್ರೆ ಅದು ನೀರಲ್ಲಿ ಹಾಯಾಗಿ ಕರಗಿರುವ ಅಯಾನು, ಗುಳ್ಳೆಗೆ ಅಂಟಲು ಅದಕ್ಕೆ ಕಾರಣವೇ ಇಲ್ಲ.

ಹಾಗಾದರೆ ಮನೆಯ ಗೋಲ್ಡ್‌ಫಿಶ್ ಟ್ಯಾಂಕಿಗೂ ಒಂದು ಹಾಕಬಹುದಾ? ಆಗೋದಿಲ್ಲ. ಸಿಹಿನೀರಿನಲ್ಲಿ ಪುಟ್ಟ ಗುಳ್ಳೆಗಳು ಒಂದಕ್ಕೊಂದು ತಾಗಿದ ಕೂಡಲೇ ಸೇರಿ ದೊಡ್ಡವಾಗ್ತವೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನಲ್ಲಿ ಈ ಸೇರಿಕೆಗೆ ತಡೆ ಬೀಳುತ್ತೆ, ಗುಳ್ಳೆಗಳು ಸಣ್ಣವಾಗಿಯೇ ಉಳೀತವೆ. ಸಣ್ಣದಾದ್ರೆ ಏನು ಲಾಭ? ಲೆಕ್ಕ ಹಾಕೋಣ.

ಗೋಳದ ಮೇಲ್ಮೈಯನ್ನು ಗಾತ್ರದಿಂದ ಭಾಗಿಸಿದರೆ ಆರು ಭಾಗಿಸು ವ್ಯಾಸ. ಗಂಟೆಗೆ 400 ಲೀಟರ್ ಗಾಳಿ ಎಳೆಯುವ ಸ್ಕಿಮ್ಮರ್ ಅದನ್ನು ಅರ್ಧ ಮಿ.ಮೀ. ಗುಳ್ಳೆಗಳಾಗಿ ಒಡೆದರೆ, ಗಂಟೆಗೆ ಸಿಗುವ ಮೇಲ್ಮೈ 4,800 ಚದರ ಮೀಟರ್. ನಮ್ಮೂರ ಲೆಕ್ಕದಲ್ಲಿ ಒಂದು ಎಕರೆ ಏಳು ಗುಂಟೆ! ಬಿಸ್ಕೆಟ್ ಡಬ್ಬಿಯಷ್ಟು ಜಾಗದಲ್ಲಿ ಪ್ರತಿ ಗಂಟೆಗೆ ಒಂದು ಎಕರೆ ಹೊಲ ಹಾಸಿ ಮಡಚಿದ ಹಾಗೆ. ಅದೇ ಗಾಳಿ ಎರಡು ಮಿ.ಮೀ. ಗುಳ್ಳೆಗಳಾದರೆ ಹನ್ನೆರಡು ಗುಂಟೆಗೆ ಇಳಿಯುತ್ತೆ.

ಅಂದ್ರೆ ಗುಳ್ಳೆ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೇದಾ? ಅದೂ ಅಲ್ಲ. ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಗುಳ್ಳೆಗೆ ಸ್ಟೋಕ್ಸ್ ನಿಯಮ ಹಾಕಿದರೆ ಮೇಲೇರುವ ವೇಗ ಸೆಕೆಂಡಿಗೆ ಐದು ಮಿ.ಮೀ. ಅಷ್ಟೇ. ಹೊರಗೆ ಹರಿಯುವ ನೀರು ಇಷ್ಟು ನಿಧಾನದ ಗುಳ್ಳೆಯನ್ನು ಜೊತೆಗೇ ಎಳ್ಕೊಂಡು ಹೋಗುತ್ತೆ, ಟ್ಯಾಂಕಿನ ತುಂಬ ಸೋಡಾ ಹಾಕಿದ ಹಾಗೆ ಕಾಣುತ್ತೆ. ಒಂದು ಮಿ.ಮೀ. ಗುಳ್ಳೆಯೋ ಸೆಕೆಂಡಿಗೆ ಹತ್ತು ಸೆಂ.ಮೀ.ಗೂ ಹೆಚ್ಚು ವೇಗದಲ್ಲಿ ಏರಿ, ಕೊಳೆ ಅಂಟೋಕೆ ಸಮಯವೇ ಕೊಡದೆ ಓಡಿಹೋಗುತ್ತೆ. ಒಳ್ಳೆಯ ಸ್ಕಿಮ್ಮರ್ ಅಂದ್ರೆ ಇವೆರಡರ ನಡುವೆ ಜಾಗ ಹಿಡಿದದ್ದು. ಗುಳ್ಳೆ ಸಣ್ಣಗಿರಬೇಕು, ಕೊಳವೆಯಲ್ಲಿ ಸಾಕಷ್ಟು ಹೊತ್ತು ಇರಬೇಕು, ಕೊನೆಗೆ ಮೇಲಕ್ಕೇ ಹೋಗಬೇಕು.

ಈಗ ಅಂಗಡಿಗೆ ಹೋಗೋಣ. ಮರದ ಏರ್‌ಸ್ಟೋನ್ ಹಾಕಿದ ಹಳೆಯ ಮಾದರಿ ಇನ್ನೂ ಅಲ್ಲಲ್ಲಿ ಸಿಗುತ್ತೆ. ಬೆಲೆ ಕಡಿಮೆ, ಆದರೆ ಏರ್‌ಸ್ಟೋನ್ ಆಗಾಗ ಬದಲಿಸ್ತಾ ಇರಬೇಕು. ಈಗ ಮಾರಾಟ ಆಗೋದು ಬಹುಪಾಲು ನೀಡಲ್‌ವ್ಹೀಲ್ ಮಾದರಿ: ಪಂಪಿನ ಇಂಪೆಲ್ಲರ್‌ನಲ್ಲಿ ರೆಕ್ಕೆಯ ಬದಲು ಸಣ್ಣ ಸಣ್ಣ ಕಡ್ಡಿಗಳು. ನೀರಿನ ಜೊತೆ ವೆಂಚುರಿಯಿಂದ ಒಳಗೆ ಬಂದ ಗಾಳಿಯನ್ನು ಈ ಕಡ್ಡಿಗಳು ಚೂರುಚೂರು ಮಾಡ್ತವೆ. ಕೊಳವೆ ಕೆಳಗೆ ಅಗಲ, ಮೇಲೆ ಕಿರಿದು ಇದ್ದರೆ ನೊರೆ ಅಲುಗಾಡದೆ ಕತ್ತಿಗೆ ಏರುತ್ತೆ ಅಂತ ಕೋನ್ ಆಕಾರ ಬಂತು. ಒಳ್ಳೆಯದೇ, ಆದರೆ ಅದಕ್ಕಾಗಿಯೇ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ.

ಡಬ್ಬಿಯ ಮೇಲೆ '500 ಲೀಟರ್‌ವರೆಗೆ' ಅಂತ ಬರೆದಿರುತ್ತೆ. ಈ ಸಂಖ್ಯೆಯನ್ನ ಬೈಕಿನ ಮೈಲೇಜ್ ಜಾಹೀರಾತಿನಷ್ಟೇ ನಂಬಿ. ಎಷ್ಟು ಮೀನಿಗೆ, ಎಷ್ಟು ಆಹಾರಕ್ಕೆ ಅಂತ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇದಕ್ಕಿಲ್ಲ. ಒಂದೆರಡು ಮೀನಿರುವ 500 ಲೀಟರ್ ಟ್ಯಾಂಕ್, ದಿನಕ್ಕೆ ಮೂರು ಸಲ ತಿನ್ನುವ ಹತ್ತು ಮೀನಿರುವ 200 ಲೀಟರ್ ಟ್ಯಾಂಕಿಗಿಂತ ಸ್ವಚ್ಛವಾಗಿರಬಹುದು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಹಿಡಿಸೋದು ಸುಮಾರು 190 ಲೀಟರ್. ಕಲ್ಲು ಮರಳು ಕಳೆದು, ಕೆಳಗಿನ ಸಂಪ್ ಕೂಡಿಸಿದರೆ ಹತ್ತಿರ ಹತ್ತಿರ 200. ಇದಕ್ಕೆ 'ಹೆಚ್ಚು ಮೀನು' ಸಾಲಿನಲ್ಲಿ 200ರಿಂದ 300 ಲೀಟರ್ ಬರೆದ ಸ್ಕಿಮ್ಮರ್ ಸಾಕು. ಸಾವಿರ ಲೀಟರಿನದ್ದು ಸಸ್ತಾ ಸಿಕ್ತು ಅಂತ ತಂದರೆ ಅಗಲ ಕತ್ತಿನಲ್ಲಿ ನೊರೆ ಗಟ್ಟಿಯಾಗಿ ನಿಲ್ಲೋಕೆ ಬೇಕಾದಷ್ಟು ಕೊಳೆಯೇ ನಿಮ್ಮ ನೀರಲ್ಲಿರಲ್ಲ. ನೊರೆ ಏರುತ್ತೆ, ಒಡೆಯುತ್ತೆ, ಬಟ್ಟಲು ಖಾಲಿ.

ಹಾಗಾದರೆ ನಂಬಬೇಕಾದ ಸಂಖ್ಯೆ ಯಾವುದು? ನಮ್ಮ ಮಟ್ಟಿಗೆ ಮೂರು: ಗಂಟೆಗೆ ಎಳೆಯುವ ಗಾಳಿ, ತಿನ್ನುವ ವಾಟ್, ಸಂಪಿನಲ್ಲಿ ಬೇಕಾದ ನೀರಿನ ಎತ್ತರ. ಗಾಳಿಯನ್ನು ಪೈಪಿನ ಬಾಯಿಗೆ ಒಂದು ರೋಟಾಮೀಟರ್ ಸಿಕ್ಕಿಸಿ ನೀವೇ ಅಳೆಯಬಹುದು. ವಾಟ್ ಚಿಕ್ಕ ವಿಷಯ ಅನ್ನಿಸುತ್ತೆ, ಆದರೆ ಇದು ಹಗಲೂ ರಾತ್ರಿ ಓಡುವ ಯಂತ್ರ. 15 ವಾಟಿನದ್ದು ತಿಂಗಳಿಗೆ ಸುಮಾರು 11 ಯೂನಿಟ್, 40 ವಾಟಿನದ್ದು 29. ಅಪ್ಪ ಕರೆಂಟ್ ಬಿಲ್ ನೋಡುವ ಮನೆಯಾದರೆ ಇದು ಗೊತ್ತಿರಲಿ. ಇನ್ನು ನೀರಿನ ಎತ್ತರ. ಇದನ್ನ ಯಾರೂ ಕೇಳಲ್ಲ, ಆಮೇಲೆ ಕಷ್ಟಪಡ್ತಾರೆ. ಪ್ರತಿ ಸ್ಕಿಮ್ಮರ್‌ಗೂ ಇಷ್ಟು ಸೆಂ.ಮೀ. ನೀರಲ್ಲಿ ನಿಲ್ಲಬೇಕು ಅಂತ ಒಂದು ಮಿತಿ ಇದೆ. ನೀರು ಆವಿಯಾಗಿ ಎರಡು ಸೆಂ.ಮೀ. ಇಳಿದರೂ ಒಳಗಿನ ನೊರೆಯ ಮಟ್ಟ ಬದಲಾಗುತ್ತೆ. ಆದ್ದರಿಂದ ಸಂಪಿನಲ್ಲಿ ಗಾಜಿನ ಅಡ್ಡಗೋಡೆ ಹಾಕಿ, ನೀರಿನ ಮಟ್ಟ ಬದಲಾಗದ ಕೋಣೆಯಲ್ಲೇ ಅದನ್ನ ಇಡಬೇಕು. ಸಂಪಿನ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ, ಬಟ್ಟಲನ್ನು ಮೇಲಕ್ಕೆ ಎತ್ತಿ ತೆಗೆಯೋಕೆ ಕ್ಯಾಬಿನೆಟ್ಟಿನಲ್ಲಿ ಜಾಗ ಉಳಿಯುತ್ತಾ ಅಂತಲೂ ನೋಡಿ.

ಅಮೆರಿಕದಲ್ಲಿರೋ ಅಣ್ಣನೋ ಚಿಕ್ಕಪ್ಪನೋ ರಜಕ್ಕೆ ಬರುವಾಗ ಒಂದು ಹೊತ್ತು ತರಲಿ ಅನ್ನೋ ಐಡಿಯಾ ತುಂಬ ಜನಕ್ಕೆ ಬರುತ್ತೆ. ಇಇಇ ಗೆಳೆಯರು ಇಲ್ಲಿ ಕಿವಿ ನಿಮಿರಿಸಬೇಕು. ಮಾಮೂಲಿ ಎಸಿ ಪಂಪುಗಳಲ್ಲಿ ಇರೋದು ಸಿಂಕ್ರೊನಸ್ ಮೋಟರ್. ಅಲ್ಲಿಯ 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 3,600 ಸುತ್ತು ತಿರುಗೋದು ನಮ್ಮ 50 ಹರ್ಟ್ಸ್‌ನಲ್ಲಿ 3,000 ಸುತ್ತಿಗೆ ಇಳಿಯುತ್ತೆ. ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟ್ ಮಾಡ್ಕೋಬಹುದು, ಆದರೆ ಫ್ರೀಕ್ವೆನ್ಸಿಯನ್ನು ಅದು ಬದಲಿಸಲ್ಲ. ಪಂಪಿನ ನಿಯಮದ ಪ್ರಕಾರ ಹರಿವು ವೇಗಕ್ಕೆ ತಕ್ಕ ಹಾಗೆ 17% ಕಡಿಮೆ, ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ 31% ಕಡಿಮೆ. ಅಲ್ಲಿ ಚೆನ್ನಾಗಿ ಓಡಿದ ಸ್ಕಿಮ್ಮರ್ ಇಲ್ಲಿ ಮಂಕಾಗೋದು ಇದಕ್ಕೇ. ಡಿಸಿ ಪಂಪಿನದಾದರೆ ಈ ತೊಂದರೆ ಇಲ್ಲ, ಅಡಾಪ್ಟರ್ 240 ವೋಲ್ಟ್ ತಡೆಯುತ್ತಾ ಅಂತ ನೋಡಿದರೆ ಸಾಕು. ವೇಗವನ್ನೂ ಬೇಕಾದ ಹಾಗೆ ಇಟ್ಕೋಬಹುದು. ಆದರೆ ಕಂಟ್ರೋಲರ್ ಕೆಟ್ಟರೆ ಪೂರ್ತಿ ಬದಲಿಸಬೇಕು. ಯಾವುದೇ ಆಗಲಿ, ಇಂಪೆಲ್ಲರ್, ಓ-ರಿಂಗ್ ನಮ್ಮೂರಲ್ಲೇ ಬಿಡಿಯಾಗಿ ಸಿಗುತ್ತಾ ಅಂತ ಕೇಳದೆ ದುಡ್ಡು ಬಿಚ್ಚಬೇಡಿ. ಬ್ರ್ಯಾಂಡ್ ಹೆಸರಿಗಿಂತ ನಾವು ಇದಕ್ಕೇ ಹೆಚ್ಚು ಅಂಕ ಕೊಡ್ತೀವಿ.

ಹೀಗೆ ಹೇಳೋಕೆ ಇನ್ನೊಂದು ಕಾರಣವೂ ಇದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಜೊತೆಗಾರರು 2009ರಲ್ಲಿ ಹಲವು ಕಂಪನಿಗಳ ಸ್ಕಿಮ್ಮರ್‌ಗಳನ್ನು ಒಂದೇ ವಿಧಾನದಲ್ಲಿ ಅಳೆದು ನೋಡಿದ ಕೆಲಸ ಪ್ರಕಟಿಸಿದರು. ನೀರಿನಲ್ಲಿದ್ದ ಸಾವಯವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಭಾಗ ತೆಗೆಯುವಷ್ಟರಲ್ಲಿ ಎಲ್ಲವೂ ನಿಂತುಬಿಟ್ಟವು. ಗುಳ್ಳೆಗೆ ಅಂಟದ ಅಣುಗಳನ್ನು ಎಷ್ಟು ದುಬಾರಿ ಯಂತ್ರವೂ ತೆಗೆಯಲಾರದು. ಹಾಗಾಗಿ ಮಧ್ಯಮ ಬೆಲೆಯದನ್ನು ತಂದು, ಉಳಿದ ದುಡ್ಡಿಗೆ ಒಳ್ಳೆಯ ಉಪ್ಪು, ಆರ್‌ಓ ನೀರು, ಸ್ವಲ್ಪ ಆಕ್ಟಿವೇಟೆಡ್ ಕಾರ್ಬನ್ ತರೋದು ಜಾಣತನ ಅಂತ ನಮ್ಮ ಅಭಿಪ್ರಾಯ. 60–70 ಲೀಟರಿನ ಪುಟ್ಟ ಟ್ಯಾಂಕ್, ಒಂದೆರಡು ಮೀನು, ಅಷ್ಟೇ ಇದ್ದರೆ ವಾರಕ್ಕೊಮ್ಮೆ ಹತ್ತು ಹದಿನೈದು ಪರ್ಸೆಂಟ್ ನೀರು ಬದಲಿಸಿ. ಸ್ಕಿಮ್ಮರ್ ಬೇಡವೇ ಬೇಡ.

ಆದರೆ ದೊಡ್ಡ ಟ್ಯಾಂಕಿನಲ್ಲಿ ಕೊಳೆ ತೆಗೆಯೋದರಷ್ಟೇ ದೊಡ್ಡ ಇನ್ನೊಂದು ಕೆಲಸವನ್ನು ಇದು ಸದ್ದಿಲ್ಲದೆ ಮಾಡ್ತಿರುತ್ತೆ: ಉಸಿರಾಟ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿ.ಗ್ರಾಂ ಆಮ್ಲಜನಕ ಮಾತ್ರ ಹಿಡಿಯುತ್ತೆ, ಅದೇ ಬಿಸಿಯ ಸಿಹಿನೀರು 8.2 ಹಿಡಿಯುತ್ತೆ. ರಾತ್ರಿ ದ್ಯುತಿಸಂಶ್ಲೇಷಣೆ ನಿಂತು ಎಲ್ಲ ಜೀವಿಗಳೂ ಆಮ್ಲಜನಕ ಎಳೆಯುವಾಗ ಆ ಒಂದು ಎಕರೆ ಮೇಲ್ಮೈಯೇ ಆಸರೆ. ಕಿಟಕಿ ಮುಚ್ಚಿದ ರೂಮಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳೀತಿದ್ದರೆ, ಗಾಳಿಯ ಪೈಪನ್ನು ಕಿಟಕಿಯಾಚೆ ಬಿಡಿ. ಐವತ್ತು ರೂಪಾಯಿ ಪೈಪಿನ ಕೆಲಸ.

ಹೊಸ ಸ್ಕಿಮ್ಮರ್ ತಂದ ಮೊದಲ ವಾರ ಬಟ್ಟಲಿಗೆ ಏನೂ ಬರಲ್ಲ, ಇಲ್ಲವೇ ಬರೀ ನೀರೇ ಉಕ್ಕುತ್ತೆ. ಅಂಗಡಿಯವನಿಗೆ ಫೋನ್ ಮಾಡಬೇಡಿ. ಅಕ್ರಿಲಿಕ್ ಮೇಲಿನ ಎಣ್ಣೆಯಂಶ ಹೋಗಲಿ. ನಂತರ ಗೇಟನ್ನು ದಿನಕ್ಕೆ ಒಂದಿಷ್ಟೇ ತಿರುಗಿಸ್ತಾ, ಕಡುಚಹಾದ ಬಣ್ಣದ ದ್ರವ ಬರುವ ಹಾಗೆ ಹೊಂದಿಸಿ. (ವಾಸನೆ ಬಗ್ಗೆ ನಾವೇನೂ ಹೇಳಲ್ಲ. ಹಾಸ್ಟೆಲ್ ರೂಮಲ್ಲಿ ಇಡೋ ಆಲೋಚನೆ ಇದ್ದರೆ ರೂಮ್‌ಮೇಟ್ ಒಪ್ಪಿಗೆ ಮೊದಲೇ ತಗೊಳ್ಳಿ.) ಎರಡು ಮೂರು ದಿನಕ್ಕೊಮ್ಮೆ ಕತ್ತಿನ ಒಳಗೆ ಕೂತ ಜಿಡ್ಡು ಒರೆಸಬೇಕು, ಜಿಡ್ಡು ನೊರೆಯ ಶತ್ರು. ಎಣ್ಣೆ ಕೈ ಟ್ಯಾಂಕಿಗೆ ಅದ್ದಿದರೂ ಕೆಲವು ಗಂಟೆ ನೊರೆ ಸತ್ತುಹೋಗುತ್ತೆ. ಕೆಲವು ತಿಂಗಳಿಗೊಮ್ಮೆ ಪಂಪನ್ನು ವಿನೆಗರ್ ಕಲಸಿದ ನೀರಲ್ಲಿ ನೆನೆಸಿಟ್ಟರೆ ಸುಣ್ಣದ ಪದರ ಬಿಡುತ್ತೆ. ಗಾಳಿಯ ಬಾಯಲ್ಲಿ ಉಪ್ಪು ಕಟ್ಟಿದರೆ ಬಿಸಿನೀರು ಸಾಕು.

ಹವಳದ ಬಗ್ಗೆ ಒಂದು ಮಾತು. ಮುರುಡೇಶ್ವರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಚೂರು ಹವಳ ತಂದು ಟ್ಯಾಂಕಿಗೆ ಹಾಕೋಣ ಅಂತ ಯೋಚಿಸಲೂಬೇಡಿ. ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಯ ಜೊತೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಎಲ್ಲಿಂದ ಬಂತು, ಆಮದಿನ ಕಾಗದ ಇದೆಯಾ ಅಂತ ಕೇಳಿ.

ಕೊನೆಯದಾಗಿ ಕರೆಂಟ್. ವಿದೇಶದ ವಿಡಿಯೋಗಳಲ್ಲಿ ಇದರ ಮಾತು ಕಡಿಮೆ, ನಮಗೆ ಇದೇ ಮುಖ್ಯ. ಕರೆಂಟ್ ಹೋದ ಕೂಡಲೇ ಮೇಲಿನ ಟ್ಯಾಂಕಿನ ಒಂದಿಷ್ಟು ನೀರು ಕೆಳಗಿಳಿದು ಸಂಪ್ ತುಂಬಿಕೊಳ್ಳುತ್ತೆ. ವಾಪಸ್ ಬಂದಾಗ ಎಲ್ಲ ಪಂಪುಗಳೂ ಒಟ್ಟಿಗೇ ಶುರು. ಸ್ಕಿಮ್ಮರ್ ಆಗ ಕತ್ತಿನವರೆಗೆ ಮುಳುಗಿದ ಸ್ಥಿತಿಯಲ್ಲಿ ಓಡತೊಡಗಿ, ಬಟ್ಟಲು ಉಕ್ಕಿ, ವಾರವಿಡೀ ಹಿಡಿದ ಕಪ್ಪು ದ್ರವ ಮತ್ತೆ ಟ್ಯಾಂಕಿಗೇ ಸೇರುತ್ತೆ. ಮೀನುಗಳಿಗೆ ಇದಕ್ಕಿಂತ ಕೆಟ್ಟ ಊಟ ಇಲ್ಲ. ಪರಿಹಾರ ನಮ್ಮ ಲ್ಯಾಬಿನ ಮಟ್ಟದ್ದೇ: ಸ್ಕಿಮ್ಮರ್‌ನ ಸಾಲಿಗೆ ಮಾತ್ರ ಒಂದು ಆನ್-ಡಿಲೇ ಟೈಮರ್ ರಿಲೇ ಹಾಕಿ, ಹತ್ತು ನಿಮಿಷಕ್ಕೆ ಇಡಿ. ಅಷ್ಟರಲ್ಲಿ ಮುಖ್ಯ ಪಂಪು ನೀರನ್ನು ಮೇಲೆತ್ತಿ ಸಂಪಿನ ಮಟ್ಟ ಸರಿಯಾಗಿರುತ್ತೆ. ಬಟ್ಟಲಿನ ಡ್ರೈನ್ ಬಾಯಿಗೆ ಪೈಪ್ ಹಾಕಿ ಹೊರಗೊಂದು ಮುಚ್ಚಳದ ಕ್ಯಾನ್ ಇಟ್ಟು, ಅದರಲ್ಲಿ ಫ್ಲೋಟ್ ಸ್ವಿಚ್ ಕೂರಿಸಿದರೆ, ಕ್ಯಾನ್ ತುಂಬಿದಾಗ ಸ್ಕಿಮ್ಮರ್ ತಾನೇ ನಿಲ್ಲುತ್ತೆ. ಉಪ್ಪುನೀರಿನ ಪಕ್ಕ 230 ವೋಲ್ಟ್ ಇರುವುದರಿಂದ ಆರ್‌ಸಿಸಿಬಿ ಇಲ್ಲದೆ ಯಾವುದನ್ನೂ ಪ್ಲಗ್ ಮಾಡಬೇಡಿ, ಪ್ರತಿ ವೈರನ್ನೂ ಸಾಕೆಟ್ಟಿಗಿಂತ ಕೆಳಗೆ ಒಂದು ಬಳಸು ಇಳಿಸಿ, ತೊಟ್ಟಿಕ್ಕುವ ನೀರು ಅಲ್ಲೇ ಬೀಳುವ ಹಾಗೆ ಬಿಡಿ. ರಿಲೇಯ ಸರ್ಕ್ಯೂಟ್ ಬೇಕಾದವರು ಕ್ಲಬ್ ರೂಮಿಗೆ ಬನ್ನಿ, ಬರೆದು ಕೊಡ್ತೀವಿ.