ಎರಡು ಯಂತ್ರ, ಒಂದೇ ಬ್ಯಾಲೆನ್ಸ್
ನೀವು ಎಟಿಎಂನಲ್ಲಿ ದುಡ್ಡು ತೆಗೀತಿದ್ದೀರಿ. ಅದೇ ಹೊತ್ತಿಗೆ ಮನೇಲಿ ಯಾರೋ ಅದೇ ಖಾತೆಯಿಂದ ಕರೆಂಟ್ ಬಿಲ್ ಕಟ್ತಿದ್ದಾರೆ. ಎರಡೂ ಬ್ಯಾಂಕಿನ ಬೇರೆ ಬೇರೆ ಮೇನ್‌ಫ್ರೇಮ್‌ಗೆ ಹೋದ್ವು ಅಂದ್ಕೊಳ್ಳಿ. ಬ್ಯಾಲೆನ್ಸ್ ಎಡವಟ್ಟಾಗಲ್ವಾ?

ಇದಕ್ಕೆ ಐಬಿಎಂ 1994ರಲ್ಲಿ ತಂದ ಉಪಾಯ ಪ್ಯಾರಲಲ್ ಸಿಸ್‌ಪ್ಲೆಕ್ಸ್. ಇವತ್ತು 32 ಸಿಸ್ಟಮ್‌ಗಳ ತನಕ ಜೋಡಿಸಬಹುದು, ಎಲ್ಲಕ್ಕೂ ಡೇಟಾ ಒಂದೇ.

ಇದರ ಜೀವಾಳ ಕಪ್ಲಿಂಗ್ ಫೆಸಿಲಿಟಿ. ಹಂಚಿಕೊಂಡ ದಾಖಲೆಯನ್ನ ತಿದ್ದೋ ಮುಂಚೆ ಬೀಗ ಹಾಕ್ಬೇಕು. ಯಾರ ಬೀಗ ಎಲ್ಲಿದೆ ಅನ್ನೋ ಲೆಕ್ಕ ಇಲ್ಲಿರುತ್ತೆ. ತಿದ್ದಿದ ಮೇಲೆ ಉಳಿದ ಸಿಸ್ಟಮ್‌ಗಳ ಹತ್ರ ಇರೋ ಹಳೇ ಪ್ರತಿ ರದ್ದು. ಅದೂ ಹೇಗೆ? ಅವುಗಳ ಕೆಲಸ ತಡೆಯದೇ, ಸದ್ದಿಲ್ಲದೆ! ನನಗಂತೂ ಇಡೀ ವಿನ್ಯಾಸದಲ್ಲಿ ಇದೇ ಜಾಣತನ. ಈ ಫೆಸಿಲಿಟಿಯೇ ಕೆಟ್ರೆ? ಅದಕ್ಕೇ ಎರಡು ಇಡ್ತಾರೆ.

ಎಲ್ಲ ಸಿಸ್ಟಮ್‌ಗಳ ಗಡಿಯಾರವೂ ಒಂದೇ ಸಮಯ ತೋರಿಸ್ಬೇಕು, ಇಲ್ದಿದ್ರೆ ಲಾಗ್‌ಗಳು ಹಿಂದುಮುಂದು.

ಇನ್ನು ಹೊರೆ. ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲರಿಗೂ ಸಮನಾಗಿ ಹಂಚೋದಲ್ಲ. ವರ್ಕ್‌ಲೋಡ್ ಮ್ಯಾನೇಜರ್‌ಗೆ ಗುರಿ ಹೇಳ್ತೀರಿ: ಈ ವಹಿವಾಟಲ್ಲಿ 100ಕ್ಕೆ 90 ಅರ್ಧ ಸೆಕೆಂಡಲ್ಲಿ ಮುಗೀಬೇಕು, ಮಹತ್ವ 1, ಅಂದ್ರೆ ಎಲ್ಲಕ್ಕಿಂತ ಮೇಲು. ಕೆಲಸ ಗುರಿಗೆ ತಕ್ಕಂತೆ ನಡೀತಿದೆಯಾ ಅಂತ ಅಳೆಯೋ ಸೂಚ್ಯಂಕ 1ನ್ನ ದಾಟಿತೋ, ಗುರಿ ತಪ್ತಿದೆ ಅಂತ. ಆಗ ಮ್ಯಾನೇಜರ್ ಮಹತ್ವ 5ರ ರಿಪೋರ್ಟ್ ಕೆಲಸದ ಪ್ರೊಸೆಸರ್ ಪಾಲು ಕಿತ್ತು ಇದಕ್ಕೆ ಕೊಡುತ್ತೆ. ಹೊಸ ಸಂಪರ್ಕಗಳು ಬರೋದು ಒಂದೇ ಐಪಿ ವಿಳಾಸಕ್ಕೆ. ಬಿಡುವಿರೋ ಕಡೆ ದಾಟಿಸೋದು ಸಿಸ್‌ಪ್ಲೆಕ್ಸ್ ಡಿಸ್ಟ್ರಿಬ್ಯೂಟರ್.

ಒಂದು ಸಿಸ್ಟಮ್ ರಿಪೇರಿಗೆ ಇಳಿಸ್ಬೇಕಾ? ಉಳಿದವು ಹೆಗಲು ಕೊಡುತ್ತವೆ. ಅಷ್ಟರಲ್ಲಿ ನಿಮ್ಮ ಎಟಿಎಂ ನೋಟು ಎಣಿಸ್ತಿದೆ, ಕೇಳಿಸ್ತಾ?